ಮೂರನೇ ತಿರುವಿನವರ ಹದಿನಾಲ್ಕು ಬೆಸುಗೆ

ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಒಬ್ಬ ಗುಮಾಸ್ತರಿದ್ದರು. ಅವರಿಗೆ ಲೋಕವು ಎರಡು ಅಡ್ಡಹೆಸರುಗಳನ್ನು ದಯಪಾಲಿಸಿತ್ತು. ಕಚೇರಿಯಲ್ಲಿ ಅವರು ‘ಇನ್ನೊಂದ್ಸಲ’. ಅವರು ತುಂಬಿದ ನಮೂನೆಗಳೆಲ್ಲ ಇನ್ನೊಂದು ಸಲ ತುಂಬಿಸಿಕೊಳ್ಳಲು ತಪ್ಪದೆ ಅವರ ಮೇಜಿಗೇ ಮರಳಿ ಬರುತ್ತಿದ್ದವು. ಭಾನುವಾರದ ಕ್ಲಬ್ಬಿನಲ್ಲಿ ಅವರು ‘ಮೂರನೇ ತಿರುವು’. ಈ ಎರಡನೆಯ ಹೆಸರಿನ ಹಿಂದೆ ಸ್ವಲ್ಪ ಇತಿಹಾಸವಿದೆ. ಇತಿಹಾಸವೆಂದ ಮೇಲೆ ತಾಳ್ಮೆಯಿಂದ ಕೇಳಬೇಕು.

ಮೇಜು ಕುರ್ಚಿ ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ಆ ಕ್ಲಬ್ಬು. ಉದ್ದನೆಯ ಕೋಣೆ, ಕೋಣೆಯ ತುಂಬ ಸೊಂಟದೆತ್ತರದಲ್ಲಿ ಹೊರಳಿ ಮಲಗಿದ ಮರದ ಹಾದಿ. ಹಾದಿಯಲ್ಲಿ ನಾಲ್ಕು ಸೀಳುಗಳು, ಸೀಳಿನ ಎರಡೂ ಬದಿಗೆ ವಿದ್ಯುತ್ತು ಹರಿಯುವ ತಾಮ್ರದ ಪಟ್ಟಿ. ಅಂಗೈಯುದ್ದದ ಕಾರುಗಳು ಮೂಗಿನ ಕೆಳಗಿನ ಮೊಳೆಯನ್ನು ಸೀಳಿಗೆ ಇಳಿಬಿಟ್ಟುಕೊಂಡು ಅದರ ಮೇಲೆ ಓಡುತ್ತವೆ. ಓಡಿಸುವವರ ಕೈಯಲ್ಲಿ ಒಂದು ಗುಂಡಿ, ಒತ್ತಿದಷ್ಟು ವೇಗ. ತಿರುವಿನಲ್ಲಿ ಆಸೆಪಟ್ಟು ಒತ್ತಿದರೆ ಕಾರು ಸೀಳು ಬಿಟ್ಟು ಹಾರುತ್ತದೆ. ಹಾರಿದ್ದನ್ನು ಎತ್ತಿ ಮತ್ತೆ ಸೀಳಿಗೆ ಇಡಲು ಪ್ರತಿ ತಿರುವಿಗೂ ಒಬ್ಬರು ನಿಂತಿರಬೇಕು. ಮೂರನೇ ತಿರುವಿನಲ್ಲಿ ನಮ್ಮ ಗುಮಾಸ್ತರು ಮೂರು ವರ್ಷದಿಂದ ನಿಂತಿದ್ದರು.

ಆ ಕ್ಲಬ್ಬಿನಲ್ಲಿ ಮೂರು ಅಂತಸ್ತಿನ ಜನ. ಎಲ್ಲರಿಗಿಂತ ಮೇಲೆ, ಕಾರು ಕಟ್ಟುವವರು. ಅವರಿಗೆ ಗಾಜಿನ ಬೀರುವಿನಲ್ಲಿ ತಮ್ಮದೇ ಒಂದೊಂದು ಅಡ್ಡಹಲಗೆಯ ತಟ್ಟು, ತಟ್ಟಿನ ಅಂಚಿಗೆ ಹೆಸರಿನ ಚೀಟಿ. ನಡುವೆ, ಓಡಿಸುವವರು. ಕೊನೆಗೆ, ಎತ್ತಿಡುವವರು. ಗುಮಾಸ್ತರಿಗೆ ಬೇಕಾಗಿದ್ದು ಆ ಬೀರುವಿನಲ್ಲಿ ಒಂದು ತಟ್ಟು, ಅಷ್ಟೇ. ಮನೆಯಲ್ಲಿ ಬಿಸ್ಕತ್ತಿನ ಡಬ್ಬದೊಳಗೆ ಅವರು ಕಟ್ಟಿದ ಇಪ್ಪತ್ತೆರಡು ಚಾಸಿಗಳಿದ್ದವು. ಕಾರಿನ ಮೇಲಿನ ಪ್ಲಾಸ್ಟಿಕ್ ಚಿಪ್ಪು ಬರೀ ಅಂಗಿ; ಹಿತ್ತಾಳೆ ಕಡ್ಡಿ, ಉಕ್ಕಿನ ತಂತಿಗಳನ್ನು ಬೆಸೆದು ಮಾಡಿದ ಚಾಸಿಯೇ ಅದರ ಮೂಳೆ, ಪ್ರಾಣ, ಎಲ್ಲ. ಒಮ್ಮೆ ಒಂದು ಚಾಸಿಯನ್ನು ಕ್ಲಬ್ಬಿಗೆ ಒಯ್ದಿದ್ದರು. ಒಯ್ಯುವ ದಾರಿಯಲ್ಲಿ ಅದರ ಮೇಲೆ ತಾವೇ ಕುಳಿತುಬಿಟ್ಟಿದ್ದರಿಂದ ಅದು ಕಟ್ಟಿದ್ದೋ ತುಳಿದದ್ದೋ ಎಂದು ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಡಬ್ಬದ ಮುಚ್ಚಳ ಹೊರಗಿನವರ ಮುಂದೆ ತೆರೆದಿರಲಿಲ್ಲ.

ಇಂಥ ಕ್ಲಬ್ಬಿಗೆ ಒಂದು ನಿಧಿಯಿತ್ತು: ಮೂಲಪುರುಷರ ಕಾರು. ಅರವತ್ತು ವರ್ಷದ ಹಿಂದೆ ಕ್ಲಬ್ಬು ಸ್ಥಾಪಿಸಿದ ಮಹಾನುಭಾವರು ಸ್ವಹಸ್ತದಿಂದ ಬೆಸೆದದ್ದು ಎಂದು ಚೀಟಿ ಹೇಳುತ್ತಿತ್ತು. ಅದನ್ನು ನೋಡಿ ಪ್ರಮಾಣಪತ್ರ ಕೊಡಲು ಹಳೆಯ ಕಾರುಗಳನ್ನು ಬಲ್ಲ ಹಿರಿಯ ಹೆಂಗಸೊಬ್ಬರು ಬರುವ ಭಾನುವಾರ ದೂರದಿಂದ ಬರುವವರಿದ್ದರು. ಕ್ಲಬ್ಬಿನ ಕಾರ್ಯದರ್ಶಿಗಳು ವೃತ್ತಿಯಿಂದ ಹಲ್ಲಿನ ಡಾಕ್ಟರು. ಅವರು ಸಭೆಯ ನಡುವೆ ನಿಂತು, “ಕಾರಿಗೆ ಧೂಳು ಕೂತಿದೆ. ಒಂದು ವಾರ ಮನೇಲಿಟ್ಟು ಯಾರು ಒರೆಸಿ ತರ್ತೀರಿ?” ಎಂದರು.

ಕಟ್ಟುವವರೆಲ್ಲ ಚಾವಣಿ ನೋಡಿದರು. ಓಡಿಸುವವರೆಲ್ಲ ಚಪ್ಪಲಿ ನೋಡಿಕೊಂಡರು. ಹೆಚ್ಚುಕಡಿಮೆಯಾದರೆ ಯಾರ ತಲೆಗೆ?

“ನಾನು ತರ್ತೀನಿ ಸಾರ್,” ಎಂದಿತು ಮೂರನೇ ತಿರುವು. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. “ಹಳೇ ಬೆಸುಗೆ ಅಂದ್ರೆ ನನಗೆ ನೀರು ಕುಡಿದ ಹಾಗೆ ಸಾರ್. ನೋಡಿದ ತಕ್ಷಣ ಅದರ ನಾಡಿ ಹೇಳಿಬಿಡ್ತೀನಿ.”

“ನಾಡಿಗೀಡಿ ಏನೂ ಹಿಡೀಬೇಡಿ,” ಎಂದರು ಡಾಕ್ಟರು ಗಾಬರಿಯಾಗಿ. “ಒರೆಸಿ. ಆದರೆ ಮುಟ್ಟಬೇಡಿ.”

“ಮುಟ್ಟದೆ ಒರೆಸೋದು ಹೇಗೆ ಸಾರ್?”

“ಅದು ನಿಮ್ಮ ಜಾಣತನ.”

ಆ ಒಂದು ಗುಣವನ್ನು ನಂಬಿ ಯಾರೂ ಅವರಿಗೆ ಹಿಂದೆ ಯಾವ ಕೆಲಸವನ್ನೂ ಒಪ್ಪಿಸಿರಲಿಲ್ಲ.

ಬುಧವಾರ ಸಂಜೆ ಊಟದ ಮೇಜಿನ ಮೇಲೆ ಹಳೆಯ ಬನಿಯನ್ ಹಾಸಿ, ಅದರ ಮೇಲೆ ಚಾಸಿಯನ್ನಿಟ್ಟು, ಗುಮಾಸ್ತರು ಒರೆಸಲು ಕುಳಿತರು. ಎಲ್ಲ ಚೆನ್ನಾಗಿತ್ತು. ಹಿಂದಿನ ಎಡಮೂಲೆಯ ಬೆಸುಗೆಯೊಂದು ಮಾತ್ರ ಅವರ ಕಣ್ಣು ಚುಚ್ಚಿತು. ಒಳ್ಳೆಯ ಬೆಸುಗೆ ಹೊಳೆಯಬೇಕು. ಇದು ಬೂದಿ ಮೆತ್ತಿದಂತೆ ಮಂಕಾಗಿ, ಒರಟಾಗಿ ಕೂತಿತ್ತು. ಲೋಹ ಸಾಕಷ್ಟು ಕಾಯುವ ಮೊದಲೇ ಸೀಸ ಸುರಿದರೆ ಹೀಗಾಗುತ್ತದೆ. ಮೇಲೆ ಅಂಟಿಕೊಂಡಂತೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ.

“ಮೂಲಪುರುಷರಿಗೆ ಆವತ್ತು ಅವಸರ ಇತ್ತು ಅಂತ ಕಾಣುತ್ತೆ,” ಎಂದರು ಹೆಂಡತಿಗೆ. “ಒಂದೇ ಒಂದು ಸಲ ಕಾಯಿಸಿಬಿಟ್ರೆ ಸರಿಹೋಗುತ್ತೆ. ಬರೋ ಅಮ್ಮನ ಮುಂದೆ ಕ್ಲಬ್ಬಿನ ಮಾನ ಉಳಿಯುತ್ತೆ.”

“ಮುಟ್ಟಬೇಡಿ ಅಂದಿದ್ರಲ್ಲ ಡಾಕ್ಟ್ರು?” ಎಂದಳು ಹೆಂಡತಿ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಪ್ರಶ್ನೆ ಚಿಕ್ಕದು, ಅಂಕ ಹೆಚ್ಚು.

“ನಾನೆಲ್ಲಿ ಮುಟ್ತೀನಿ? ಬೆಸುಗೆ ಕಡ್ಡಿ ಮುಟ್ಟುತ್ತೆ.”

ಬೆಸುಗೆ ಬಲ್ಲವರು ಯಾರನ್ನಾದರೂ ಕೇಳಿ, ಮೊದಲ ಪಾಠ ಇದೇ: ಒಂದು ಬೆಸುಗೆಯನ್ನು ಕಾಯಿಸುವಾಗ ಪಕ್ಕದ ಬೆಸುಗೆಗಳ ಮೇಲೆ ಒದ್ದೆ ಹತ್ತಿ ಇಡಬೇಕು. ಇಲ್ಲದಿದ್ದರೆ ಬಿಸಿ ಹಿತ್ತಾಳೆಯ ಗುಂಟ ಹರಿದು ನೆರೆಯವರನ್ನೂ ಎಬ್ಬಿಸುತ್ತದೆ. ಗುಮಾಸ್ತರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹತ್ತಿಯನ್ನು ಒದ್ದೆ ಮಾಡಿಯೂ ಇಟ್ಟುಕೊಂಡಿದ್ದರು. ಎಲ್ಲಿ ಇಟ್ಟುಕೊಂಡಿದ್ದರೆಂದರೆ, ಕಚೇರಿಯಲ್ಲಿ ಪೆನ್ಸಿಲ್ ಇಟ್ಟುಕೊಳ್ಳುವ ಜಾಗದಲ್ಲಿ, ಬಲಗಿವಿಯ ಹಿಂದೆ.

ಕಾದ ಕಡ್ಡಿ ತಾಗಿತು. ಮಂಕು ಬೆಸುಗೆ ಕರಗಿತು. ಅದರ ಪಕ್ಕದ್ದು ‘ಟಿಕ್’ ಎಂದಿತು. ಅದರ ಪಕ್ಕದ್ದೂ ‘ಟಿಕ್’ ಎಂದಿತು. ಗುಮಾಸ್ತರು ಎರಡು ಕೈಯಲ್ಲೂ ಹಿಡಿಯಲು ಹೋದರು, ಬೆರಳು ಸುಟ್ಟು ಬಿಟ್ಟರು. ಅರವತ್ತು ವರ್ಷ ಒಟ್ಟಿಗೆ ಬಾಳಿದ ಲೋಹಗಳು ಅರ್ಧ ನಿಮಿಷದೊಳಗೆ ಪಾಲು ಮಾಡಿಕೊಂಡು ಬೇರೆಯಾದವು.

“ಏನ್ರೀ ಅದು ಸದ್ದು?” ಎಂದಳು ಹೆಂಡತಿ.

“ಏನಿಲ್ಲ ಕಣೆ. ಇತಿಹಾಸ.”

ಹೆಂಡತಿ ಬಂದು ಎಣಿಸಿದಳು. ಹನ್ನೊಂದು ತುಂಡು. ಒಳಕೋಣೆಯಿಂದ ಅತ್ತೆಯವರು, “ಅಳಿಯಂದ್ರು ಏನೋ ಬೀಳಿಸಿದ್ರು ಅಂತ ಕಾಣುತ್ತಲ್ಲೇ! ಯಾವ ಪಾತ್ರೆ?” ಎಂದು ಕೂಗಿದರು. ಅವರ ಮಟ್ಟಿಗೆ ಮನೆಯಲ್ಲಿ ಬೀಳುವುದಕ್ಕೆ ಅರ್ಹವಾದ ವಸ್ತು ಪಾತ್ರೆಯೊಂದೇ.

“ನಾಳೆನೇ ಹೋಗಿ ಡಾಕ್ಟ್ರ ಕಾಲು ಹಿಡೀತೀನಿ,” ಎಂದರು ಗುಮಾಸ್ತರು. ಮುಖ ಆ ಬೆಸುಗೆಗಿಂತ ಮಂಕಾಗಿತ್ತು. “ಕ್ಲಬ್ಬಿಂದ ಓಡಿಸ್ತಾರೆ. ತಟ್ಟು ಹಾಳಾಗಿ ಹೋಗ್ಲಿ, ಮೂರನೇ ತಿರುವಲ್ಲಿ ನಿಲ್ಲೋಕೂ ಬಿಡಲ್ಲ.”

“ಹೇಳಿ. ಹೇಳಲೇಬೇಕು. ಆದ್ರೆ ಇವತ್ತು ಬುಧವಾರ. ಭಾನುವಾರಕ್ಕೆ ನಾಲ್ಕು ದಿನ ಇದೆ. ಹನ್ನೊಂದು ತುಂಡು ಕೈಲಿ ಹಿಡ್ಕೊಂಡು ಹೇಳೋದಕ್ಕೂ ಒಂದು ಚಾಸಿ ಹಿಡ್ಕೊಂಡು ಹೇಳೋದಕ್ಕೂ ವ್ಯತ್ಯಾಸ ಇಲ್ವಾ? ಆ ಡಬ್ಬದಲ್ಲಿರೋ ಇಪ್ಪತ್ತೆರಡನ್ನ ಕಟ್ಟಿದ್ದು ಯಾರು, ನಮ್ಮಮ್ಮನಾ?”

ಗುಮಾಸ್ತರು ಗುರುವಾರ ರಜೆ ಹಾಕಿದರು. ರಜೆಯ ಅರ್ಜಿ ಇನ್ನೊಂದು ಸಲ ಬರೆಯಲು ಮರಳಿ ಬಂದದ್ದು ಬೇರೆ ಮಾತು.

ಈಗ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಈ ಮನುಷ್ಯನ ನಾಲಿಗೆ ತಡವರಿಸುತ್ತದೆ, ಕಾಲು ಎಡವುತ್ತದೆ, ನೆನಪು ದಾರಿ ತಪ್ಪುತ್ತದೆ. ಆದರೆ ಕಾದ ಕಡ್ಡಿ ಕೈಗೆ ಬಂದ ಮೇಲೆ ಕೈ ಬೇರೆ ಯಾರದೋ ಆಗಿಬಿಡುತ್ತದೆ. ಅವರು ತುಂಡುಗಳನ್ನು ಉಪ್ಪುಕಾಗದದಲ್ಲಿ ತಿಕ್ಕಿ ಹೊಳೆಯಿಸಿದರು. ಉಕ್ಕಿನ ತಂತಿಗಳೆರಡು ತುಕ್ಕು ತಿಂದಿದ್ದವು. ಅವನ್ನು ಬಿಟ್ಟು ಹೊಸ ತಂತಿ ಕತ್ತರಿಸಿದರು. ಮಟ್ಟಸವಾದ ಹಲಗೆಯ ಮೇಲೆ ಗೆರೆ ಎಳೆದು ಒಂದೊಂದನ್ನೂ ಅದರದರ ಜಾಗಕ್ಕೆ ಇಟ್ಟರು. ಅಲುಗದಂತೆ ಹಿಡಿಯಲು ಏನಾದರೂ ಬೇಕಲ್ಲ? ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳಷ್ಟು ಒಳ್ಳೆಯ ಸಹಾಯಕರು ಲೋಕದಲ್ಲಿಲ್ಲ. ಬಾಲ್ಕನಿಗೆ ಹೋಗಿ ಹಗ್ಗದ ಮೇಲಿದ್ದ ಒಂಬತ್ತು ಕ್ಲಿಪ್ಪುಗಳನ್ನೂ ಕಿತ್ತು ತಂದರು. ಅವುಗಳಿಗೆ ಬಟ್ಟೆಗಳು ನೇತುಬಿದ್ದಿದ್ದವು ಎಂಬುದನ್ನು ಗಮನಿಸಿದ್ದರೆ ಅವರು ನಮ್ಮ ಗುಮಾಸ್ತರೇ ಆಗಿರುತ್ತಿರಲಿಲ್ಲ.

ಗಾಳಿ ಬೀಸಿತು. ಅತ್ತೆಯವರ ದೊಡ್ಡ ಹೊದಿಕೆ ಹಗ್ಗ ಬಿಟ್ಟು ಹೊರಟು, ಒಂದು ಸುತ್ತು ಹಾಕಿ, ಕೆಳಮನೆಯ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ನಿವೃತ್ತ ಬಸ್ ಕಂಡಕ್ಟರರ ತಲೆಯ ಮೇಲೆ ಇಳಿಯಿತು. ಮೂವತ್ತು ವರ್ಷ ಬಸ್ಸಿನಲ್ಲಿ ಎಂಥೆಂಥದನ್ನೋ ಸಹಿಸಿದ್ದ ಅವರಿಗೆ ಹಾಡುಹಗಲಲ್ಲಿ ಕತ್ತಲಾದದ್ದು ಅದೇ ಮೊದಲು. ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು.

“ಏನ್ ಸ್ವಾಮಿ ಇದು—” ಎಂದು ಬಾಗಿಲು ತಳ್ಳಿದವರು ಅಲ್ಲೇ ನಿಂತರು. ಮೇಜಿನ ಮೇಲೆ ತಂತಿ. ತಂತಿಯ ನಡುವೆ ಮೋಟಾರು. ಹೊಗೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಗುಮಾಸ್ತರು. ಪಕ್ಕದಲ್ಲಿ ಒಂದು ಸೀಸೆ. ಸೀಸೆಯ ಮೇಲೆ ಗುಮಾಸ್ತರದೇ ಕೈಬರಹದಲ್ಲಿ ‘ಆಸಿಡ್, ಮುಟ್ಟಬೇಡಿ’.

“ಉಕ್ಕಿಗೆ ಬೆಸುಗೆ ಹಿಡೀಬೇಕಾದ್ರೆ ಅದು ಬೇಕೇ ಬೇಕು,” ಎಂದರು ಗುಮಾಸ್ತರು ಬಟ್ಟೆಯೊಳಗಿಂದ. “ಭಾನುವಾರದ ಒಳಗೆ ಮುಗೀಬೇಕು ನೋಡಿ. ದೂರದಿಂದ ಒಬ್ರು ಬರ್ತಾರೆ. ಅವರು ಬಂದಾಗ ಎಲ್ಲಾ ಸಿದ್ಧ ಇರಬೇಕು.”

ಕಂಡಕ್ಟರು ಏನೂ ಮಾತಾಡಲಿಲ್ಲ. ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟು ಮೆಟ್ಟಿಲಿಳಿದರು. ಕೆಳಗಿಳಿದ ಮೇಲೆ ಅವರು ಮಾತಾಡಿದ್ದು ಅಗ್ನಿಶಾಮಕ ಠಾಣೆಯ ಜೊತೆಗೆ.

ಹತ್ತು ನಿಮಿಷದಲ್ಲಿ ಕೆಂಪು ಗಾಡಿ ಬಂತು. ಬೀದಿಯ ಜನವೆಲ್ಲ ಬಂದರು. ಅತ್ತೆಯವರು ಬಾಲ್ಕನಿಯಲ್ಲಿ ನಿಂತು ಕೆಳಗಿದ್ದವರಿಗೆ, “ಬೆಂಕಿ ಏನೂ ಇಲ್ಲಮ್ಮ, ನಮ್ಮ ಅಳಿಯಂದ್ರು ಅಷ್ಟೇ,” ಎಂದು ಸಮಾಧಾನ ಹೇಳುತ್ತಿದ್ದರು. ಅಗ್ನಿಶಾಮಕದ ಅಧಿಕಾರಿ ಬಾಗಿಲೆತ್ತರದ ಮನುಷ್ಯ. ದಪ್ಪ ಬೂಟು, ದಪ್ಪ ಕೈಗವಸು, ಅದಕ್ಕಿಂತ ದಪ್ಪ ಮೀಸೆ. ಒಳಗೆ ಬಂದು ಸುತ್ತ ನೋಡಿ ನಮೂನೆ ತೆಗೆದರು.

“ಬೆಂಕಿಗೆ ಕಾರಣ?”

“ಬೆಂಕಿ ಇಲ್ಲ ಸಾರ್. ಕಾರು.”

“ವಾಹನ,” ಎಂದು ಬರೆದುಕೊಂಡರು. “ವಾಹನ ಎಲ್ಲಿ ನಿಂತಿತ್ತು?”

“ಊಟದ ಮೇಜಿನ ಮೇಲೆ.”

“ವಾಹನದ ಉದ್ದ?”

“ಅರ್ಧ ಗೇಣು ಸಾರ್.”

ಅಧಿಕಾರಿ ಲೇಖನಿ ಎತ್ತಿದರು. “ವಾಹನದೊಳಗೆ ಯಾರಾದರೂ ಸಿಕ್ಕಿಹಾಕಿಕೊಂಡಿದಾರಾ ಅಂತ ಒಂದು ಕಾಲಂ ಇದೆ. ಏನು ಬರೀಲಿ?”

“ನಾನು ಅಂತ ಬರೀರಿ ಸಾರ್,” ಎಂದು ಗುಮಾಸ್ತರು ನಿಟ್ಟುಸಿರು ಬಿಟ್ಟು ಇಡೀ ಕಥೆ ಹೇಳಿದರು. ಒದ್ದೆ ಹತ್ತಿ ಕಿವಿಯ ಹಿಂದಿದ್ದ ಭಾಗವನ್ನೂ ಬಿಡಲಿಲ್ಲ. ಅಧಿಕಾರಿ ನಗಲಿಲ್ಲ. ಬಗ್ಗಿ ಹಲಗೆ ನೋಡಿದರು. ಆಗಲೇ ಆಗಿದ್ದ ಆರು ಬೆಸುಗೆಗಳು ಕಡ್ಡಿಯ ಸುತ್ತ ಬೆಳ್ಳಿಯ ಉಂಗುರ ತೊಡಿಸಿದಂತೆ ಹೊಳೆಯುತ್ತಿದ್ದವು.

“ಇದನ್ನ ನೀವು ಮಾಡಿದ್ದಾ?”

“ಹೌದು ಸಾರ್. ಇನ್ನು ಎಂಟು ಬಾಕಿ. ಈ ಉಕ್ಕಿನ ತಂತಿಗೆ ಮೂರನೇ ಕೈ ಬೇಕು, ನನಗಿರೋದು ಎರಡೇ.”

ಅಧಿಕಾರಿ ನಮೂನೆಯನ್ನು ಮಡಿಸಿ ಜೇಬಿಗಿಟ್ಟರು. ಕೈಗವಸು ಸರಿಮಾಡಿಕೊಂಡು ಕುರ್ಚಿ ಎಳೆದು ಕೂತರು. “ಎಲ್ಲಿ ಹಿಡೀಬೇಕು ಹೇಳಿ. ನನ್ನ ಕೈಗೆ ಬಿಸಿ ಗೊತ್ತಾಗಲ್ಲ.”

ಆಮೇಲೆ ನಡೆದದ್ದನ್ನು ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು ಮುಂದೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು. ಅಧಿಕಾರಿ ತಂತಿ ಹಿಡಿದರು. ಗುಮಾಸ್ತರು ಕಡ್ಡಿಯನ್ನು ಲೋಹಕ್ಕೆ ತಾಗಿಸಿ, ಮನಸ್ಸಿನಲ್ಲೇ ನಾಲ್ಕು ಎಣಿಸಿ, ಸೀಸದ ತುದಿಯನ್ನು ಇನ್ನೊಂದು ಬದಿಯಿಂದ ತೋರಿಸಿದರು. ತೋರಿಸಿದ್ದಷ್ಟೇ. ಅದು ತಾನೇ ಕರಗಿ ಸಂದಿಯೊಳಗೆ ನೀರಿನಂತೆ ಓಡಿತು. “ಈಗ ಉಸಿರಾಡಬೇಡಿ,” ಎಂದರು. ಬೆಸುಗೆ ಗಟ್ಟಿಯಾಗುವ ಆ ಕ್ಷಣದಲ್ಲಿ ಕೂದಲೆಳೆಯಷ್ಟು ಅಲುಗಿದರೂ ಕೆಟ್ಟಿತು. ಅಧಿಕಾರಿ ಉಸಿರು ಹಿಡಿದರು. ಅವರ ಹಿಂದಿದ್ದ ಇಬ್ಬರು ಸಿಬ್ಬಂದಿ ಹಿಡಿದರು. ಕಂಡಕ್ಟರು ಹಿಡಿದರು. ಮೆಟ್ಟಿಲ ಮೇಲೆ ನಿಂತವರು ಯಾಕೆಂದು ತಿಳಿಯದೆಯೇ ಹಿಡಿದರು.

ಹೀಗೆ ಒಂದೊಂದಾಗಿ ಏಳಾಯಿತು, ಎಂಟಾಯಿತು, ಹನ್ನೆರಡಾಯಿತು. ಹದಿಮೂರನೆಯದಕ್ಕೆ ತಂತಿ ಬಗ್ಗಿಸುವ ಹೊತ್ತಿಗೆ ಸರಿಯಾಗಿ ಅತ್ತೆಯವರು ಬಾಲ್ಕನಿಯಿಂದ, “ಅಯ್ಯೋ, ನನ್ನ ಹೊದಿಕೆ ಎಲ್ಲೇ!” ಎಂದು ಚೀರಿದರು. ಇಕ್ಕಳ ಹಾರಿತು. ತಂತಿಯ ನೆಟ್ಟಗಿರಬೇಕಾದ ಭಾಗದಲ್ಲಿ ಹಂಸದ ಕೊರಳಿನಂಥ ಒಂದು ಕೊಂಕು ಬಿತ್ತು. ಗುಮಾಸ್ತರು ಅದನ್ನು ದಿಟ್ಟಿಸಿದರು. ತಿದ್ದಲು ಹೋದರೆ ಉಕ್ಕು ಮುರಿಯುತ್ತದೆ, ಬೇರೆ ತಂತಿಯಿಲ್ಲ. ಎರಡೂ ಬದಿ ಒಂದೇ ತರಹ ಇದ್ದರೆ ಕಾರು ವಾಲುವುದಿಲ್ಲವೆಂದು, ಇನ್ನೊಂದು ಬದಿಯ ತಂತಿಯನ್ನೂ ಅಷ್ಟೇ ಕೊಂಕಿಸಿ ಜೋಡಿ ಮಾಡಿದರು.

ಹದಿನಾಲ್ಕನೆಯ ಬೆಸುಗೆ ಮುಗಿದಾಗ ಕಂಡಕ್ಟರು ಚಪ್ಪಾಳೆ ತಟ್ಟಿದರು. ಅಧಿಕಾರಿ ನಮೂನೆ ತೆಗೆದು ‘ನಷ್ಟ’ ಎಂಬಲ್ಲಿ ‘ಸುಟ್ಟ ಬಟ್ಟೆ ಕ್ಲಿಪ್ಪು, ಎರಡು’ ಎಂದು ಬರೆದು ರುಜು ಹಾಕಿ, ಮೀಸೆ ಒರೆಸಿಕೊಂಡು ಹೊರಟರು.

ಭಾನುವಾರ ಬಂತು. ಗುಮಾಸ್ತರು ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡುತ್ತ ಬಂದರು. ಹೆಂಡತಿ ಪೆಟ್ಟಿಗೆಯನ್ನು ತಾನೇ ಹಿಡಿದುಕೊಂಡಿದ್ದಳು. ಗಂಡ ಅದರ ಮೇಲೆ ಕೂರುವ ಸಂಭವವನ್ನು ಅವಳು ಲೆಕ್ಕ ಹಾಕಿದ್ದಳು. ಒಳಗೆ ಕಾಲಿಟ್ಟ ಕೂಡಲೆ ಡಾಕ್ಟರು ಪೆಟ್ಟಿಗೆ ಇಸಿದುಕೊಂಡು ಮುಚ್ಚಳ ತೆರೆದರು.

“ಆಹಾ!” ಎಂದರು. “ನೋಡ್ರಪ್ಪ, ಇದು ಕೆಲಸ! ಧೂಳು ಹೋದ ಮೇಲೆ ಹೇಗೆ ಎದ್ದು ಕಾಣ್ತಾ ಇದೆ! ಈಗಿನ ಕಾಲದೋರಿಗೆ ಬರುತ್ತಾ ಇದು?”

“ಸಾರ್,” ಎಂದರು ಗುಮಾಸ್ತರು, “ಅದನ್ನ ಕಟ್ಟಿದ್ದು ನಾನು.”

ಕೋಣೆಯೆಲ್ಲ ಘೊಳ್ಳೆಂದು ನಕ್ಕಿತು.

“ಒರೆಸಿದ್ದು ಅನ್ನಿ,” ಎಂದರು ಡಾಕ್ಟರು.

“ಒರೆಸಿದೆ ಸಾರ್. ಆಮೇಲೆ ಬಿಚ್ಚಿಹೋಯ್ತು. ಆಮೇಲೆ ಕಟ್ಟಿದೆ. ಹಿತ್ತಾಳೆ ಮಾತ್ರ ಅವರದು, ಬೆಸುಗೆ ಎಲ್ಲಾ ನಂದೇ.”

“ಮೂರು ವರ್ಷ ಒಂದೇ ತಿರುವಲ್ಲಿ ನಿಂತ್ರೆ ಯಾರಿಗಾದ್ರೂ ತಲೆ ತಿರುಗುತ್ತೆ ಬಿಡಿ,” ಎಂದರು ಪಕ್ಕದಲ್ಲಿದ್ದ ಕನ್ನಡಕದಂಗಡಿಯವರು. ಕಟ್ಟುವವರಲ್ಲಿ ಅವರೇ ಹಿರಿಯರು. ಜೇಬಿನಿಂದ ಭೂತಗನ್ನಡಿ ತೆಗೆದು ಚಾಸಿಯ ಮೇಲೆ ಬಾಗಿದರು. ಬಾಗಿದವರು ಹಾಗೆಯೇ ಕೂಗಿದರು. “ಡಾಕ್ಟ್ರೇ! ಈ ಕೊಂಕು ನೋಡಿದೀರಾ? ಹಂಸದ ಕತ್ತಿನ ಹಾಗೆ! ಧೂಳಲ್ಲಿ ಇಷ್ಟು ವರ್ಷ ನಮಗೆ ಕಾಣಿಸಿರಲೇ ಇಲ್ಲ. ತಿರುವಲ್ಲಿ ಹಿಂದಿನ ಭಾರ ತೂಗಿಸೋಕೆ ಅಂತಲೇ ಮಾಡಿರೋದು. ಇದು ಮೂಲಪುರುಷರ ತಲೆಗೆ ಬಿಟ್ರೆ ಇನ್ನಾರ ತಲೆಗೆ ಹೊಳೀಬೇಕು?”

“ಅದು ನಮ್ಮತ್ತೆ ಕೂಗಿದಾಗ ಆಗಿದ್ದು,” ಎಂದರು ಗುಮಾಸ್ತರು.

“ನೋಡಿ, ತಮಾಷೆಗೂ ಒಂದು ಮಿತಿ ಇರುತ್ತೆ,” ಎಂದು ಡಾಕ್ಟರು ಕೆಂಪಾದರು. “ಸತ್ತ ದೊಡ್ಡವರ ಕೀರ್ತಿ ಕದಿಯೋದು ಸಭ್ಯರ ಲಕ್ಷಣ ಅಲ್ಲ.”

ಹೆಂಡತಿ ಮುಂದೆ ಬಂದಳು. “ಇವರು ಹೇಳ್ತಿರೋದು ನಿಜ. ನಾನು ಕಣ್ಣಾರೆ ನೋಡಿದೀನಿ.”

“ಹೆಂಡತಿ ಗಂಡನ ಪರ ಮಾತಾಡದೆ ಇರ್ತಾರೇನಮ್ಮ?”

“ಮದುವೆಯಾಗಿ ಹದಿನೆಂಟು ವರ್ಷ ಆಯ್ತು ಡಾಕ್ಟ್ರೇ. ಇವರ ಪರ ಮಾತಾಡ್ತಿರೋದು ಇದೇ ಮೊದಲು.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಪರೀಕ್ಷೆ ಮಾಡಲು ಬರಬೇಕಾದವರು ಬಂದರು. ಎಂಬತ್ತು ದಾಟಿದ ಸಣ್ಣ ಅಜ್ಜಿ; ಬಿಳಿ ಕೂದಲು, ಉಬ್ಬಿದ ಕೈಚೀಲ, ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳು. ಡಾಕ್ಟರು ಸ್ವಾಗತ ಭಾಷಣ ಶುರುಮಾಡಿದರು. ಅಜ್ಜಿ ಅದರ ಪಕ್ಕದಿಂದ ನಡೆದು ಬಂದು ಚಾಸಿಯನ್ನು ಕೈಗೆತ್ತಿಕೊಂಡರು. ಅಂಗೈಯಲ್ಲಿ ತೂಗಿದರು. ಉಗುರಿನಿಂದ ಒಂದು ಸಲ ಮೀಟಿದರು. ಸಣ್ಣ ಗಂಟೆಯಂತೆ ಅದು ಉಲಿಯಿತು. ಕಿವಿಯ ಹತ್ತಿರ ಹಿಡಿದು ಸದ್ದು ಪೂರ್ತಿ ಅಡಗುವವರೆಗೆ ಕೇಳಿದರು.

“ಇದು ಅದಲ್ಲ,” ಎಂದರು.

ಕನ್ನಡಕದಂಗಡಿಯವರ ಕೈಯಿಂದ ಭೂತಗನ್ನಡಿ ಜಾರಿತು.

“ಅದಲ್ಲ ಅಂದ್ರೆ?” ಎಂದರು ಡಾಕ್ಟರು.

“ಹಿತ್ತಾಳೆ ಹಳೇದು. ಬೆಸುಗೆ ಹೊಸದು. ಈ ವಾರದ್ದೇ.”

ಡಾಕ್ಟರು ನಿಧಾನವಾಗಿ ಗುಮಾಸ್ತರ ಕಡೆ ತಿರುಗಿದರು. “ಹಾಗಾದ್ರೆ... ನಿಜವಾಗ್ಲೂ ನೀವೇ...”

“ನಾನು ಆಗಿನಿಂದ ಅದನ್ನೇ ಹೇಳ್ತಾ ಇದೀನಲ್ಲ ಸಾರ್.”

“ಹಾಳು ಮಾಡಿಬಿಟ್ರಲ್ರೀ!” ಎಂದು ಡಾಕ್ಟರು ಚೀರಿದರು. ಯಾವ ಮಾತನ್ನು ಇಷ್ಟು ಹೊತ್ತು ಯಾರೂ ನಂಬಿರಲಿಲ್ಲವೋ ಅದನ್ನು ಈಗ ಎಲ್ಲರೂ ಒಟ್ಟಿಗೆ ನಂಬಿ ಗುಮಾಸ್ತರ ಮೇಲೆ ಬಿದ್ದರು. “ಅರವತ್ತು ವರ್ಷದ ಆಸ್ತಿ!” “ಮೂಲಪುರುಷರ ಕೈಗುರುತು!” “ಕೊಡಬಾರದು ಅಂತ ನಾನು ಅವತ್ತೇ ಅಂದಿದ್ದೆ!” ಎಂದರು, ಅವತ್ತು ಯಾರೂ ಅಂದಿರಲಿಲ್ಲ. ಡಾಕ್ಟರು ಬೆರಳೆತ್ತಿ ಬಾಗಿಲು ತೋರಿಸಿದರು. “ಇವತ್ತಿಂದ ನೀವು ಕ್ಲಬ್ಬಿಗೆ ಬರೋ ಹಾಗಿಲ್ಲ. ಮೂರನೇ ತಿರುವಿಗೂ ಬೇಡ, ಮೆಟ್ಟಿಲಿಗೂ ಬೇಡ.”

ಗುಮಾಸ್ತರು ತಲೆ ತಗ್ಗಿಸಿದರು. ಹೆಂಡತಿ ಅವರ ತೋಳು ಹಿಡಿದಳು.

ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದರು. “ಹಿಂದಿನ ಎಡಮೂಲೆ. ಅದನ್ನ ಯಾಕೆ ಕಾಯಿಸೋಕೆ ಹೋದ್ರಿ?”

“ಅಮ್ಮ, ಅದು... ಮಂಕಾಗಿತ್ತು,” ಎಂದರು ಗುಮಾಸ್ತರು. “ಕಾಯೋ ಮುಂಚೆ ಹಾಕಿಬಿಟ್ಟಿದ್ರು. ಹಿಡಿದಿರಲಿಲ್ಲ. ತಪ್ಪು ನಂದೇ, ಒದ್ದೆ ಹತ್ತಿ ಇಡೋದು ಮರೆತೆ.”

“ಮಂಕಾಗೇ ಇತ್ತು,” ಎಂದರು ಅಜ್ಜಿ. “ಹಿತ್ತಾಳೆ ಇನ್ನೂ ಕಾದಿರಲಿಲ್ಲ. ‘ಪಂದ್ಯಕ್ಕೆ ಹೊತ್ತಾಯ್ತು, ಬೇಗ ಬೇಗ’ ಅಂತ ನಮ್ಮಣ್ಣ ತಲೆ ತಿಂತಾ ಇದ್ದ. ಹಾಕಿ ಕೊಟ್ಟುಬಿಟ್ಟೆ. ಅದು ಓಡಿದಷ್ಟು ದಿನವೂ ಯಾವಾಗ ಬಿಟ್ಕೊಳ್ಳುತ್ತೋ ಅಂತ ನನಗೆ ಜೀವ ಹಿಡಿ ಆಗಿರ್ತಿತ್ತು.”

ಡಾಕ್ಟರು ಗೋಡೆಯ ಮೇಲಿದ್ದ ಮೂಲಪುರುಷರ ಭಾವಚಿತ್ರ ನೋಡಿದರು, ಅಜ್ಜಿಯ ಮೂಗು ನೋಡಿದರು, ಮತ್ತೆ ಚಿತ್ರ ನೋಡಿದರು. ಒಂದೇ ಮೂಗು.

“ಅಂದ್ರೆ ಮೂಲಪುರುಷರು...”

“ಅವನಿಗೆ ಬೆಸುಗೆ ಕಡ್ಡಿಯ ಯಾವ ತುದಿ ಬಿಸಿ ಅಂತಲೇ ಗೊತ್ತಿರಲಿಲ್ಲಪ್ಪ. ಓಡಿಸೋದು ಚೆನ್ನಾಗಿ ಓಡಿಸ್ತಿದ್ದ, ಇಲ್ಲ ಅನ್ನಲ್ಲ. ಕಟ್ಟಿದ್ದೆಲ್ಲಾ ನಾನು. ಹೆಣ್ಣುಹುಡುಗಿ ಕಟ್ಟಿದ್ದು ಅಂದ್ರೆ ಪಂದ್ಯಕ್ಕೆ ಸೇರಿಸ್ಕೊಳ್ಳಲ್ಲ ಅಂತ ಚೀಟಿ ಮೇಲೆ ಅವನ ಹೆಸರು ಬರೆದ್ವಿ.” ಅಜ್ಜಿ ಚಾಸಿಯನ್ನು ಮತ್ತೆ ಬೆಳಕಿಗೆ ಹಿಡಿದರು. ಒಂದೊಂದೇ ಬೆಸುಗೆಯ ಮೇಲೆ ಉಗುರು ಓಡಿಸುತ್ತ ಬಂದರು. ಹದಿನಾಲ್ಕನ್ನೂ ಮುಟ್ಟಿ ಮುಗಿಸಿದ ಮೇಲೆ ಹೇಳಿದರು: “ಇದು ನನ್ನ ಕೆಲಸ ಅಲ್ಲ. ನನ್ನದಕ್ಕಿಂತ ಚೆನ್ನಾಗಿದೆ.”

ಕನ್ನಡಕದಂಗಡಿಯವರು ಬಿದ್ದ ಭೂತಗನ್ನಡಿಯನ್ನು ಹೆಕ್ಕಿಕೊಂಡು, “ಆ ಕೊಂಕು...?” ಎಂದರು.

“ಅದು ದಡ್ಡತನ,” ಎಂದರು ಅಜ್ಜಿ. “ಆದ್ರೆ ಎರಡೂ ಕಡೆ ಸಮ ಇದೆ. ಅಷ್ಟು ಸಮವಾಗಿ ದಡ್ಡತನ ಮಾಡೋಕೆ ಕೈ ಬೇಕು.” ಆಮೇಲೆ ಗುಮಾಸ್ತರ ಕಡೆ ತಿರುಗಿದರು. “ಗುಂಡಿ ತಗೊಳ್ಳಿ. ಓಡಿಸದೆ ಚಾಸಿ ಬಗ್ಗೆ ಮಾತಾಡಬಾರದು.”

“ನಾನಾ? ನಾನು ಎತ್ತಿಡೋನು ಅಮ್ಮ. ಯಾವತ್ತೂ ಓಡಿಸಿಲ್ಲ.”

“ಕಟ್ಟಿದೋನು ಒಂದು ಸಲ ಓಡಿಸಬೇಕು.”

ಚಾಸಿಗೆ ಕ್ಲಬ್ಬಿನಲ್ಲಿದ್ದ ಯಾವುದೋ ಪ್ಲಾಸ್ಟಿಕ್ ಅಂಗಿ ತೊಡಿಸಿ ಸೀಳಿಗೆ ಇಳಿಸಿದರು. ಗುಮಾಸ್ತರು ಗುಂಡಿಯನ್ನು ಎರಡು ಕೈಯಲ್ಲೂ ಹಿಡಿದು, ಕಣ್ಣು ಮುಚ್ಚಿ, ಪೂರ್ತಿ ಒತ್ತಿದರು. ಸಂಶಯವಿದ್ದರೆ ತಾನೇ ಅರ್ಧ ಒತ್ತುವುದು! ಕಾರು ಚೀರುತ್ತ ಹೊರಟಿತು. ಮೊದಲ ತಿರುವನ್ನು ತಬ್ಬಿಕೊಂಡು ದಾಟಿತು. ಎರಡನೆಯದನ್ನೂ ದಾಟಿತು, ಆ ವೇಗದಲ್ಲಿ ಅದನ್ನು ದಾಟಿದ ಕಾರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. “ಬಿಡ್ರೀ! ಗುಂಡಿ ಬಿಡ್ರೀ!” ಎಂದು ಹತ್ತು ಜನ ಕೂಗಿದರು. ಗುಮಾಸ್ತರಿಗೆ ಒತ್ತುವುದು ಹೇಗೆಂದು ಹೇಳಿಕೊಟ್ಟಿದ್ದರು, ಬಿಡುವುದನ್ನು ಹೇಳಿಕೊಟ್ಟಿರಲಿಲ್ಲ. ಮೂರನೇ ತಿರುವಿನಲ್ಲಿ ಕಾರು ಸೀಳು ಬಿಟ್ಟು ಎದ್ದಿತು. ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಡಾಕ್ಟರ ತಲೆಯ ಮೇಲಿಂದ ಹಾರಿ, ಮೂಲೆಯಲ್ಲಿದ್ದ ಇನ್ನೊಂದು ಕಬ್ಬಿಣದ ಬೀರುವಿಗೆ ಧಡಾರನೆ ಬಡಿದು, ಕಲ್ಲಿನ ನೆಲಕ್ಕೆ ಬಿದ್ದು, ಮೂರು ಸಲ ಪುಟಿದು, ಅಜ್ಜಿಯ ಕಾಲ ಬಳಿ ಅಂಗಾತ ನಿಂತಿತು. ಪ್ಲಾಸ್ಟಿಕ್ ಅಂಗಿ ಚೂರುಚೂರಾಗಿ ಕೋಣೆಯ ನಾಲ್ಕು ಮೂಲೆ ಸೇರಿತು.

ಗುಮಾಸ್ತರು ಇನ್ನೂ ಗುಂಡಿ ಒತ್ತಿಕೊಂಡೇ ಇದ್ದರು.

ಅಜ್ಜಿ ಬಗ್ಗಿ ಚಾಸಿಯನ್ನು ಎತ್ತಿದರು. ಕಿಟಕಿಯ ಹತ್ತಿರವಿದ್ದ ಗಾಜಿನ ಹಲಗೆಯ ಮೇಲೆ ಇಟ್ಟರು. ನಾಲ್ಕು ಚಕ್ರವೂ ಗಾಜನ್ನು ಮುಟ್ಟಿ ನಿಂತವು. ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರು; ಅಲುಗಲಿಲ್ಲ. ಇನ್ನೊಂದು ಮೂಲೆ ಒತ್ತಿದರು, ಅಲುಗಲಿಲ್ಲ. ಉಗುರಿನಿಂದ ಮೀಟಿದರು. ಆಗಿನಂತೆಯೇ ಉಲಿಯಿತು.

“ಹದಿನಾಲ್ಕಕ್ಕೆ ಹದಿನಾಲ್ಕು,” ಎಂದರು. “ನಿಮಗೆ ಓಡಿಸೋಕೆ ಸುತರಾಂ ಬರಲ್ಲ. ಕಟ್ಟೋಕೆ ಬರುತ್ತೆ.” ಡಾಕ್ಟರಿಗೆ ಅಪ್ಪಣೆಯಾಯಿತು: “ಚೀಟಿ ಬದಲಾಯಿಸಿ. ಮೊದಲು ಕಟ್ಟಿದೋಳು ಅಂತ ನನ್ನ ಹೆಸರು, ಅದರ ಕೆಳಗೆ ಮತ್ತೆ ಕಟ್ಟಿದೋರು ಅಂತ ಇವರದು. ಅಣ್ಣನ ಹೆಸರೂ ಇರಲಿ, ಓಡಿಸಿದೋನು ಅಂತ. ಈ ಕಾರಿನ ಪಕ್ಕದ ತಟ್ಟು ಖಾಲಿ ಮಾಡಿ ಇವರಿಗೆ ಕೊಡಿ.”

ಪಕ್ಕದ ತಟ್ಟು ಡಾಕ್ಟರದೇ ಆಗಿತ್ತು. ಅವರು ಹಲ್ಲು ಕಚ್ಚಿಕೊಂಡು ತಮ್ಮ ಕಾರುಗಳನ್ನು ಒಂದು ತಟ್ಟು ಕೆಳಕ್ಕೆ ಇಳಿಸಿದರು. ಕನ್ನಡಕದಂಗಡಿಯವರು ಚೀಟಿಗೆ ಗೋಂದು ಹಚ್ಚಿದರು. ಹೆಂಡತಿ ಗಂಡನಿಗೆ ತಿಳಿಯದಂತೆ ಪೆಟ್ಟಿಗೆಯ ಅಡಿಯಲ್ಲಿ ಸೇರಿಸಿ ತಂದಿದ್ದ ಬಿಸ್ಕತ್ತಿನ ಡಬ್ಬ ತೆಗೆದು, ಇಪ್ಪತ್ತೆರಡು ಚಾಸಿಗಳನ್ನು ಶಾಲೆಯ ಹುಡುಗರನ್ನು ಸಾಲು ನಿಲ್ಲಿಸಿದಂತೆ ಹೊಸ ತಟ್ಟಿನ ಮೇಲೆ ಜೋಡಿಸಿದಳು. ಕಟ್ಟುವವರೆಲ್ಲ ಬೀರುವಿನ ಮುಂದೆ ಮುಗಿಬಿದ್ದರು. ಅಜ್ಜಿಯೂ ಒಂದನ್ನು ಕೈಗೆತ್ತಿಕೊಂಡು ಕನ್ನಡಕ ಮೇಲೇರಿಸಿದರು.

ಜನ ಸ್ವಲ್ಪ ಚದುರಿದ ಮೇಲೆ ಡಾಕ್ಟರು ಗುಮಾಸ್ತರ ಹತ್ತಿರ ಬಂದು, ಆಚೆ ಈಚೆ ನೋಡಿ, ಜೇಬಿನಿಂದ ತಮ್ಮ ಕೆಂಪು ಕಾರನ್ನು ತೆಗೆದರು.

“ಸಾರ್,” ಎಂದರು. ಈ ಪದ ಆ ದಿಕ್ಕಿನಲ್ಲಿ ಹರಿದದ್ದು ಅದೇ ಮೊದಲು. “ಮುಂದಿನ ಬೆಸುಗೆ ನಾಲ್ಕು ತಿಂಗಳಿಂದ ಬಿಟ್ಟಿದೆ. ಯಾರಿಗೂ ಹೇಳಿರಲಿಲ್ಲ. ಸ್ವಲ್ಪ ನೋಡ್ತೀರಾ?”

ಗುಮಾಸ್ತರು ಕಾರನ್ನು ಬೆಳಕಿಗೆ ಹಿಡಿದು, ತಲೆಕೆಳಗು ಮಾಡಿ, ಒಳಗೆ ಇಣುಕಿ, ಬಹಳ ಹೊತ್ತು “ಹೂಂ” ಎಂದರು.

“ಇದನ್ನ ಮೊದಲೇ ತರಬೇಕಿತ್ತು. ಈಗ ಪಕ್ಕದ್ದಕ್ಕೂ ಹತ್ತಿಕೊಂಡಿದೆ. ಬುಡದಿಂದ ತೆಗೆದು ಹೊಸದು ಕೂರಿಸಬೇಕು.”

“ಬೇರೆ ದಾರಿ ಇಲ್ವಾ?” ಎಂದರು ಡಾಕ್ಟರು, ತಮ್ಮ ಹಲ್ಲುನೋವಿನ ರೋಗಿಗಳಂತೆಯೇ ಕಂಗಾಲಾಗಿ.

“ಇಲ್ಲ. ಬುಧವಾರ ಬನ್ನಿ,” ಎಂದರು ಗುಮಾಸ್ತರು. “ಅಲ್ಲೀವರೆಗೆ ಆ ಕಡೆ ಭಾರ ಹಾಕಬೇಡಿ.”